19 ಚುಕ್ಕೆಗಳ ಊಹಾಪೋಹ

ಪಾಲ್ ಎಂಬ ಟಿವಿ ಪದ್ಧತಿಯ ಹಳೆಯ ಡಿವಿಡಿಯಲ್ಲಿ ಒಂದು ಚೌಕಟ್ಟಿಗೆ ಅಡ್ಡಲಾಗಿ 720, ಮೇಲಿನಿಂದ ಕೆಳಕ್ಕೆ 576 ಚುಕ್ಕೆಗಳಿರುತ್ತವೆ (ಪಿಕ್ಸೆಲ್ ಎನ್ನುವುದು ಇವನ್ನೇ). ಒಟ್ಟು ನಾಲ್ಕು ಲಕ್ಷ ಚಿಲ್ಲರೆ. 4ಕೆ ಮಾನಿಟರು ಕೇಳುವುದು 3840 ಮತ್ತು 2160, ಅಂದರೆ ಸುಮಾರು 83 ಲಕ್ಷ. ಈ ಲೆಕ್ಕದಲ್ಲಿ ಪರದೆ ತುಂಬಿದ ಚಿತ್ರದ ಪ್ರತಿ 20 ಚುಕ್ಕೆಗಳಲ್ಲಿ ಡಿಸ್ಕಿನಿಂದ ಬಂದದ್ದು ಒಂದರಷ್ಟು ಮಾತ್ರ, ಉಳಿದ 19 ಕಂಪ್ಯೂಟರಿನ ಊಹೆ. ಆದ್ದರಿಂದ ನಾವು ನಾಯಕಿಯ ರೂಪಕ್ಕೆ ಸಲ್ಲಿಸುವ ಮೆಚ್ಚುಗೆಯ ಸಿಂಹಪಾಲು ನ್ಯಾಯವಾಗಿ ಕಂಪ್ಯೂಟರಿನೊಳಗೆ ಚಿತ್ರ ಮೂಡಿಸುವ ಗ್ರಾಫಿಕ್ಸ್ ಕಾರ್ಡಿಗೆ ಸೇರಬೇಕು.

ಊಹಿಸುವವರಲ್ಲಿಯೂ ಹಲವು ಸ್ವಭಾವಗಳಿವೆ. ಬೈಲೀನಿಯರ್ ವಿಧಾನವು ಎರಡೂ ಪಕ್ಷದವರನ್ನು ಒಪ್ಪಿಸಲು ಹೊರಟ ಮಧ್ಯಸ್ಥನಂತೆ ನೆರೆಯ ಚುಕ್ಕೆಗಳ ಸರಾಸರಿ ತೆಗೆದು ನಡುವೆ ತುಂಬುವುದರಿಂದ, ಯಾವ ಅಂಚೂ ಖಚಿತವಾಗಿ ಕಾಣದೆ ಚಿತ್ರವೆಲ್ಲ ಮಸುಕಾಗುತ್ತದೆ. ಲಾಂಟ್ಸೋಶ್ ವಿಧಾನ ಅಂಚುಗಳನ್ನು ಚೂಪಾಗಿ ಉಳಿಸುತ್ತದೆ ನಿಜ, ಆದರೆ ಅವುಗಳ ಪಕ್ಕದಲ್ಲಿ ಬೆಳಕಿನ ಗೆರೆಯೊಂದನ್ನು ಮೂಡಿಸುವ ಚಾಳಿ ಅದಕ್ಕಿದೆ. ಇದರ ಮೇಲೆ ಮಾನಿಟರಿನ ಶಾರ್ಪ್‌ನೆಸ್ ಕೂಡ ಏರಿಸಿಟ್ಟಿದ್ದ ನಮ್ಮ ಮನೆಯಲ್ಲಿ, ಕೊಲೆಗೆ ಸಂಚು ಹೂಡುತ್ತಿದ್ದ ಖಳನಾಯಕನ ತಲೆಯ ಸುತ್ತ ಪ್ರಭಾವಳಿ ಬೆಳಗಿ, ಕತೆ ಗೊತ್ತಿಲ್ಲದ ಹಿರಿಯರೊಬ್ಬರು ಅವನನ್ನು ಮಹಾತ್ಮನೆಂದೇ ಬಗೆದರು.

ಕೃತಕ ಬುದ್ಧಿಮತ್ತೆಯ ಅಪ್‌ಸ್ಕೇಲಿಂಗ್, ಅಂದರೆ ಚಿತ್ರ ಹಿಗ್ಗಿಸುವ ವಿದ್ಯೆ, ಬಂದ ಮೇಲೆ ಊಹೆಗೆ ಆತ್ಮವಿಶ್ವಾಸವೂ ಸೇರಿಕೊಂಡಿತು. ಅದು ಕಲಿತಿರುವ ಅಸಂಖ್ಯ ಚಿತ್ರಗಳ ನೆನಪಿನಿಂದ ಇಲ್ಲಿ ಏನಿದ್ದಿರಬಹುದು ಎಂದು ನಿರ್ಧರಿಸಿ ಬರೆದೇಬಿಡುತ್ತದೆ. ಹತ್ತಿರದ ಮುಖಗಳಲ್ಲಿ ಫಲ ಎಷ್ಟೋ ಸಲ ಅಚ್ಚರಿಪಡುವಷ್ಟು ಚೆನ್ನಾಗಿರುತ್ತದೆ, ಇದನ್ನು ಒಪ್ಪಲೇಬೇಕು. ಆದರೆ ಫಿಲ್ಮಿನ ಸಹಜ ಕಣಗಳನ್ನು ಕೊಳೆಯೆಂದು ತಿಳಿದು ಉಜ್ಜುವಾಗ ಸುಕ್ಕುಗಳೂ ಜೊತೆಗೆ ಹೋಗುವುದರಿಂದ, ಚಿತ್ರದ ಅಜ್ಜಿ ತನ್ನ ಸೊಸೆಗಿಂತ ಎಳೆಯವಳಾಗಿ ಕಾಣಿಸಿಕೊಂಡಳು. ಹಿನ್ನೆಲೆಯ ಜನಸಂದಣಿಯಲ್ಲಿ ನಾಲ್ಕೈದು ಚುಕ್ಕೆಗಳಷ್ಟೇ ಇದ್ದ ಮುಖಗಳಿಗೆ ಕಣ್ಣುಮೂಗುಗಳೇನೋ ದೊರೆತವು, ಆದರೆ ಇರಬೇಕಾದ ಜಾಗದಲ್ಲಲ್ಲ. ಅಂಗಡಿಯ ಫಲಕವೊಂದು ಜಗತ್ತಿನಲ್ಲಿ ಯಾರೂ ಓದಲಾರದ ಹೊಸ ಲಿಪಿಗೆ ತಿರುಗಿತು.

ಇದೇ ಚಿತ್ರ ಕೋಣೆಯ ಆಚೆ ತುದಿಯ ಟಿವಿಯಲ್ಲಿ ಇಷ್ಟು ಕಾಟ ಕೊಡುವುದಿಲ್ಲ. ಮಾನಿಟರಿನ ಮುಂದೆ ನಾವು ಕೈಯಳತೆಯಲ್ಲಿ ಕೂರುತ್ತೇವೆ. ಚಿತ್ರವನ್ನು ಡಿಸ್ಕಿನಲ್ಲಿ ಹಿಡಿಸಲು ಮಾಡುವ ಎಂಪೆಗ್ ಸಂಕೋಚನದ 8 ಬೈ 8 ಚುಕ್ಕೆಗಳ ಚೌಕಗಳು ಸಹ ಚಿತ್ರದ ಜೊತೆಗೇ ಹಿಗ್ಗಿ ಕಣ್ಣಿಗೆ ರಾಚುತ್ತವೆ. ಮೇಲೆ ಹೇಳಿದ ಹಿರಿಯರು ಕುರ್ಚಿಯನ್ನು ಹಿಂದೆ ಹಿಂದೆ ಸರಿಸುತ್ತ ಬಾಗಿಲು ದಾಟಿ, ಅಲ್ಲಿಂದ ಚಿತ್ರ ಬಹಳ ಸ್ಪಷ್ಟವಾಗಿದೆಯೆಂದು ಘೋಷಿಸಿದರು. ಪರದೆಯ ಮೇಲಿನ ಪ್ಲೇಯರಿನ ಕಿಟಕಿಯನ್ನು ಚಿತ್ರದ ಮೂಲ ಗಾತ್ರಕ್ಕೆ ಇಳಿಸಿದರೂ ಅದೇ ಸ್ಪಷ್ಟತೆ ಸಿಗುತ್ತಿತ್ತು, ಆದರೆ ಪರದೆಯ ಇಪ್ಪತ್ತನೆಯ ಒಂದು ಭಾಗದಲ್ಲಿ ಸಿನಿಮಾ ನೋಡಲು ದೊಡ್ಡ ಮಾನಿಟರು ಕೊಂಡವರಿಗೆ ಮನಸ್ಸು ಬರುವುದು ಕಷ್ಟ.

ಅಷ್ಟರಲ್ಲಿ ನಾಯಕ ಪಿಸುಮಾತಿನಲ್ಲಿ ಪ್ರೇಮ ನಿವೇದಿಸತೊಡಗಿದ. 19 ಚುಕ್ಕೆಗಳನ್ನು ಊಹಿಸಿ ಬಿಸಿಯೇರಿದ್ದ ಗ್ರಾಫಿಕ್ಸ್ ಕಾರ್ಡಿನ ಫ್ಯಾನು ವಿಮಾನದಂತೆ ಮೊರೆದು, ಅವನ ಒಂದು ಮಾತೂ ಕೇಳಿಸಲಿಲ್ಲ. ವಿಧಿಯಿಲ್ಲದೆ ಉಪಶೀರ್ಷಿಕೆ ಹಾಕಿದೆವು. ಪ್ರತ್ಯೇಕ ಪಠ್ಯ ಕಡತದಿಂದ ಬರುವ ಅಕ್ಷರಗಳನ್ನು ಪ್ಲೇಯರು ಮಾನಿಟರಿನ ಪೂರ್ಣ ಅಳತೆಯಲ್ಲೇ ಬರೆಯುವುದರಿಂದ, ಆ ಸಂಜೆ ನಮ್ಮ ಪರದೆಯ ಮೇಲೆ ಅಪ್ಪಟ 4ಕೆ ಎನಿಸಿಕೊಂಡದ್ದು ಅವು ಮಾತ್ರ.