ಬರೀ ಗೋವಾ ಅಂದರೆ ಸಾಲದು, ಯಾವ ಗೋವಾ ಅಂತ ಹೇಳ್ರಿ

ಮೂರು ದಿನ ಆಯಿತು, ಸಿಟ್ಟು ಇಳಿದಿಲ್ಲ. ಇಳಿದ ಮೇಲೆ ಬರೆದರೆ ಮಾತು ಮೆತ್ತಗಾಗುತ್ತದೆ ಅಂತ ಈಗಲೇ ಬರೆಯುತ್ತಿದ್ದೇನೆ.

ಎಪ್ಪತ್ಮೂರು ವರ್ಷದ ನನ್ನ ಅವ್ವ ಮೊನ್ನೆ ಭಾನುವಾರ ಮೋಪಾ ವಿಮಾನ ನಿಲ್ದಾಣದ ಹೊರಗಿನ ಕುರ್ಚಿಯಲ್ಲಿ ಹತ್ತಿರ ಹತ್ತಿರ ಮೂರು ತಾಸು ಒಬ್ಬಳೇ ಕೂತಿದ್ದಳು. ಅವಳನ್ನು ಕರೆದುಕೊಂಡು ಬರಲು ಬೆಳಗಾವಿಯಿಂದ ಹೋಗಿದ್ದ ನಾನು ದಾಬೋಲಿಂ ವಿಮಾನ ನಿಲ್ದಾಣದ ಬಾಗಿಲಲ್ಲಿ ನಿಂತಿದ್ದೆ. ಎರಡೂ ಗೋವಾದವೇ, ಆದರೆ ಎರಡರ ನಡುವೆ ಅರವತ್ತು ಕಿಲೋಮೀಟರಿಗೂ ಹೆಚ್ಚು ದಾರಿ ಇದೆ. ಬದಲಾದ ಟಿಕೆಟ್ಟಿನಲ್ಲಿ ಕಣ್ಣಿಗೆ ಕಾಣುವ ಹಾಗೆ ಇದ್ದದ್ದು ಒಂದೇ ಶಬ್ದ: ಗೋವಾ.

ಅಣ್ಣ ಕೋಲ್ಕತ್ತಾದಲ್ಲಿ ನೌಕರಿಯಲ್ಲಿದ್ದಾನೆ. ಅವ್ವ ಎರಡು ತಿಂಗಳು ಅಲ್ಲಿದ್ದು ಊರಿಗೆ ಹೊರಟಿದ್ದಳು. ಮೊಣಕಾಲು ನೋವು, ಸಕ್ಕರೆ ಕಾಯಿಲೆ. ಕನ್ನಡ ಬಿಟ್ಟರೆ ಸಂತೆಯಲ್ಲಿ ಚೌಕಾಸಿ ಮಾಡುವಷ್ಟು ಮರಾಠಿ ಬರುತ್ತದೆ, ಅಷ್ಟೇ. ನಡುವೆ ಇಳಿದು ಇನ್ನೊಂದು ವಿಮಾನ ಹತ್ತುವುದು ಅವಳಿಂದ ಆಗದ ಮಾತು. ಅದಕ್ಕೇ ಕೋಲ್ಕತ್ತಾದಿಂದ ನೇರವಾಗಿ ಗೋವಾಕ್ಕೆ ಬರುವ ವಿಮಾನಕ್ಕೆ ಅಣ್ಣ ಟಿಕೆಟ್ ತೆಗೆಸಿದ್ದ. ದಾಬೋಲಿಂ ಅಂತ ನೋಡಿಯೇ ತೆಗೆಸಿದ್ದ. ಹದಿನೈದು ದಿನ ಮುಂಚೆ ವಿಮಾನ ಕಂಪನಿಯಿಂದ ಅವನ ಫೋನಿಗೆ ಸಂದೇಶ ಬಂತು: ಸಮಯ ಬದಲಾಗಿದೆ, ಹೊಸ ನಂಬರು ಇದು, ನಾಲ್ಕು ಹತ್ತಕ್ಕೆ ಗೋವಾ. ಅಣ್ಣ ಸಮಯ ನೋಡಿದ, ಅದನ್ನೇ ನನಗೆ ಕಳಿಸಿದ. ಗೋವಾ ಶಬ್ದದ ಮಗ್ಗುಲಲ್ಲಿ ಮೂರು ಇಂಗ್ಲಿಷ್ ಅಕ್ಷರಗಳಿದ್ದವು. ಮೊದಲಿನ ಟಿಕೆಟ್ಟಿನಲ್ಲಿ ಜಿಓಐ, ಈಗ ಜಿಓಎಕ್ಸ್. ಬದಲಾದದ್ದು ಒಂದೇ ಅಕ್ಷರ. ಆ ಒಂದು ಅಕ್ಷರದಲ್ಲಿ ನಿಲ್ದಾಣವೇ ಬದಲಾಗಿ ಹೋಗಿದೆ ಅಂತ ಯಾರು ತಿಳಿಯಬೇಕು?

ಬೆಳಿಗ್ಗೆ ಹನ್ನೊಂದಕ್ಕೆ ಬಾಡಿಗೆ ಗಾಡಿ ಮಾಡಿಕೊಂಡು ಹೊರಟೆ. ಜಾಂಬೋಟಿ, ಕಣಕುಂಬಿ, ಚೋರ್ಲಾ ಘಾಟ್. ಮಳೆ ಅಂದರೆ ಮಳೆ. ತಗ್ಗು ತಪ್ಪಿಸುತ್ತ, ಎದುರಿಗೆ ಬರುವ ಲಾರಿಗೆ ದಾರಿ ಬಿಡುತ್ತ ಸಾಖಳಿಗೆ ಇಳಿದೆವು. ಅಲ್ಲೇ ಡಿಚೋಲಿ ಕಡೆಗೆ ತಿರುಗಿದ್ದರೆ ಮೋಪಾ. ನಾವು ಪಣಜಿ ಹಾದು, ಜುವಾರಿ ಸೇತುವೆ ದಾಟಿ, ನಾಲ್ಕಕ್ಕೆ ಹತ್ತು ನಿಮಿಷ ಇರುವಾಗ ದಾಬೋಲಿಂ ಮುಟ್ಟಿದೆವು.

ನಾಲ್ಕೂವರೆಗೆ ಅವ್ವನ ಫೋನ್ ಬಂತು.

“ಹೊರಗ ಬಂದೀನಿ. ಎಲ್ಲಿ ಅದೀಯೋ ಯಪ್ಪಾ?”

“ಬಾಗಲಾ ಮುಂದನ ನಿಂತೀನಿ ಬೇ. ನೀ ಎಲ್ಲಿ?”

“ನಾನೂ ಬಾಗಲಾ ಮುಂದನ ಅದೀನಲ್ಲೋ.”

ಇಪ್ಪತ್ತು ನಿಮಿಷ ಇದೇ ಮಾತು. ಈ ತುದಿಯಿಂದ ಆ ತುದಿಗೆ ಮೂರು ಸಲ ಓಡಾಡಿದೆ. ನೀಲಿ ಸೀರೆ, ಮಡಿಲಲ್ಲಿ ಕೈಚೀಲ, ಇಷ್ಟು ಗುರುತು ಹೇಳಿ ಕಾವಲಿನವರನ್ನು ಕೇಳಿದೆ. ಗುಂಪಿನಲ್ಲಿ ಎಲ್ಲಾದರೂ ಬಿದ್ದಳೇನೋ ಅಂತ ಎದೆ ಹೊಡೆದುಕೊಳ್ಳುತ್ತಿತ್ತು. ಕೊನೆಗೆ ಅಲ್ಲಿ ಕಸ ಗುಡಿಸುತ್ತಿದ್ದ ಹೆಣ್ಣುಮಗಳೊಬ್ಬಳು ಅವ್ವನ ಕನ್ನಡ ಕೇಳಿ ಹತ್ತಿರ ಬಂದಿದ್ದಾಳೆ. ವಿಜಯಪುರ ಕಡೆಯವಳಂತೆ. ಫೋನ್ ಇಸಕೊಂಡು ಅವಳೇ ಹೇಳಿದಳು: “ಅಣ್ಣಾರ, ನೀವು ದಾಬೋಲಿಂದಾಗ ಅದೀರೇನ್ರಿ? ಇದು ಮೋಪಾ ರೀ. ಹಿಂಗ ಎಷ್ಟ ಮಂದಿ ಬರ್ತಾರ ಇಲ್ಲೆ.”

ಹಿಂಗ ಎಷ್ಟ ಮಂದಿ! ಅಂದರೆ ಇದು ನನ್ನೊಬ್ಬನ ಗ್ರಹಚಾರವಲ್ಲ. ಕಸ ಗುಡಿಸುವ ಹೆಣ್ಣುಮಗಳಿಗೆ ಗೊತ್ತಿರುವುದು ವಿಮಾನ ಕಂಪನಿಗೆ ಗೊತ್ತಿಲ್ಲವೇ? ಗೊತ್ತಿದೆ. ಸರಿಪಡಿಸುವ ಮನಸ್ಸಿಲ್ಲ.

2023ರ ಜನವರಿ ತನಕ ಗೋವಾ ಅಂದರೆ ಒಂದೇ ನಿಲ್ದಾಣ, ವಾಸ್ಕೋ ಹತ್ತಿರದ ದಾಬೋಲಿಂ. ಅದು ನೌಕಾಪಡೆಯ ನೆಲೆ, ವಿಮಾನಗಳಿಗೆ ಸಮಯದ ಕಟ್ಟುಪಾಡು, ಜಾಗದ ಇಕ್ಕಟ್ಟು. ಹಾಗಾಗಿ ಗೋವಾದ ಉತ್ತರದ ತುದಿಯಲ್ಲಿ, ಪೆಡಣೆ ತಾಲ್ಲೂಕಿನ ಮೋಪಾದಲ್ಲಿ ಎರಡನೆಯದನ್ನು ಕಟ್ಟಿದರು. 2022ರ ಡಿಸೆಂಬರ್ 11ರಂದು ಉದ್ಘಾಟನೆ, ಮರುತಿಂಗಳು 5ರಿಂದ ಹಾರಾಟ. ಮನೋಹರ ಪರ್ರೀಕರ್ ಹೆಸರಿಟ್ಟಿದ್ದಾರೆ. ಕಟ್ಟಿದ್ದಕ್ಕೆ ನನ್ನ ತಕರಾರಿಲ್ಲ. ಬೆಳಗಾವಿಯವರಿಗೆ ಮೋಪಾನೇ ಹತ್ತಿರ. ಆದರೆ ಒಂದೇ ಕಂಪನಿಯ ವಿಮಾನಗಳು ಎರಡೂ ಕಡೆ ಇಳಿಯುವಾಗ ಎರಡಕ್ಕೂ ಗೋವಾ ಅಂತಲೇ ಬರೆದು ಮಾರುವುದು ಯಾವ ನ್ಯಾಯ?

ಯಾಕೆ ಹಾಗೆ ಬರೆಯುತ್ತಾರೆ ಅಂತಲೂ ಹೇಳುತ್ತೇನೆ. ಗೋವಾ ಅನ್ನುವ ಹೆಸರು ಮಾರಾಟವಾಗುತ್ತದೆ. ಸಮುದ್ರ, ದಂಡೆ, ಹೋಟೆಲ್ಲು, ರಜೆ ಎಲ್ಲ ಆ ಎರಡು ಅಕ್ಷರದಲ್ಲಿ ಬಂದುಬಿಡುತ್ತವೆ. ಮೋಪಾ ಅಂದರೆ ಕೊಳ್ಳುವವನು ಒಂದು ಗಳಿಗೆ ಯೋಚಿಸುತ್ತಾನೆ. ರಜೆಗೆ ಬರುವವನಿಗೆ ಎಲ್ಲಿ ಇಳಿದರೂ ಅಂಥ ಫರಕು ಇಲ್ಲ, ಹೋಟೆಲಿಗೆ ಟ್ಯಾಕ್ಸಿಯಲ್ಲಿ ಒಂದು ತಾಸು ಹೆಚ್ಚೋ ಕಡಿಮೆಯೋ, ಅಷ್ಟೇ. ಆದರೆ ಈ ನಿಲ್ದಾಣಗಳಿಗೆ ಬರುವವರೆಲ್ಲ ರಜೆಯವರಲ್ಲ. ಬೆಳಗಾವಿ, ಖಾನಾಪುರ, ಸಾವಂತವಾಡಿ ಮಂದಿಯೂ ಬರುತ್ತಾರೆ. ನಾವು ಘಾಟ್ ಇಳಿದು ಬರುವವರು. ನಮಗೆ ಹೆಸರು ತಪ್ಪಿದರೆ ಇಡೀ ದಿನವೇ ತಪ್ಪುತ್ತದೆ.

“ಬೆಳಗಾವಿಯಲ್ಲೇ ವಿಮಾನ ನಿಲ್ದಾಣ ಇದೆಯಲ್ಲ” ಅನ್ನಬೇಡಿ. ಇದೆ. ಸಾಂಬ್ರಾದ್ದು 1942ರದು, ಯುದ್ಧದ ಕಾಲಕ್ಕೆ ಬ್ರಿಟಿಷರು ಮಾಡಿದ್ದು. ನಮ್ಮ ಮನೆಯಿಂದ ಅರ್ಧ ತಾಸು. ಸಣ್ಣ ಊರುಗಳಿಗೂ ವಿಮಾನ ಬರಲಿ ಅಂತ ಕೇಂದ್ರ ಸರ್ಕಾರ ಮಾಡಿದ ಉಡಾನ್ ಯೋಜನೆಯ ಮೂರನೆಯ ಸುತ್ತಿನಲ್ಲಿ 2019ರಲ್ಲಿ ಸೇರಿದಾಗ ಎಷ್ಟೊಂದು ಊರಿಗೆ ವಿಮಾನ ಬಂದವು. ಉಡಾನ್‌ನಲ್ಲಿ ಸರ್ಕಾರ ನಷ್ಟ ತುಂಬಿಕೊಡುವುದು ಮೂರು ವರ್ಷ ಮಾತ್ರ. ಅದು ಮುಗಿದ ಮೇಲೆ ಹಲವು ನಿಂತೂ ಹೋದವು. ಕೋಲ್ಕತ್ತಾದಿಂದ ಸಾಂಬ್ರಾಕ್ಕೆ ಬರಬೇಕೆಂದರೆ ನಡುವೆ ಇಳಿಯಲೇಬೇಕು. ಆ ಸಂಕಟ ಬೇರೆಯದೇ, ಅದನ್ನು ಇನ್ನೊಂದು ದಿನ ಬರೆಯುತ್ತೇನೆ.

ದಾಬೋಲಿಂನಿಂದ ಮೋಪಾಕ್ಕೆ ಹೊರಟೆವು. ಭಾನುವಾರ ಸಂಜೆ, ಮಳೆ ಬೇರೆ. ಪಣಜಿಯಲ್ಲಿ ಗಾಡಿಗಳ ಸಾಲು, ಮಾಪ್ಸಾದಲ್ಲಿ ಮತ್ತೆ ಸಾಲು. ಏಳು ಹೊಡೆದು ಹದಿನೈದು ನಿಮಿಷಕ್ಕೆ ಮುಟ್ಟಿದೆ. ಅವ್ವ ಅದೇ ಕುರ್ಚಿಯಲ್ಲಿ, ಚೀಲವನ್ನು ಕಾಲ ಸಂದಿಯಲ್ಲಿಟ್ಟುಕೊಂಡು ಕೂತಿದ್ದಳು. ಅಣ್ಣ ಕೊಟ್ಟು ಕಳಿಸಿದ್ದ ಬಂಗಾಳಿ ಸಿಹಿತಿಂಡಿಯ ಡಬ್ಬಿ ಮಡಿಲಲ್ಲಿತ್ತು, ಕಟ್ಟಿದ ದಾರ ಬಿಚ್ಚಿರಲಿಲ್ಲ. ಮಧ್ಯಾಹ್ನದಿಂದ ನೀರು ಕೂಡ ಕುಡಿದಿಲ್ಲ. ಯಾಕೆ ಅಂದರೆ, “ಗಾಲಿಕುರ್ಚಿ ಹುಡುಗ ಇಲ್ಲೆ ಕುಂದರ್ರಿ ಅಂದಿದ್ದ. ನೀರ ಕುಡದರ ಎದ್ದ ಹೋಗಬೇಕಾಕ್ಕತಿ. ನಾ ಎದ್ದ ಹೋದರ ನೀ ನನ್ನ ಎಲ್ಲಿ ಅಂತ ಹುಡಕ್ತಿ?” ನನಗೆ ಮಾತೇ ಹೊರಡಲಿಲ್ಲ. ಆ ವಿಜಯಪುರದ ತಾಯಿ ಮಾತ್ರ ಕೆಲಸದ ನಡುವೆ ಎರಡು ಸಲ ಬಂದು ಮಾತಾಡಿಸಿ ಹೋಗಿದ್ದಾಳೆ. ನಾವು ಹೋಗುವಷ್ಟರಲ್ಲಿ ಅವಳ ಪಾಳಿ ಮುಗಿದಿತ್ತು, ಕೈಮುಗಿಯಲು ಕೂಡ ಸಿಗಲಿಲ್ಲ.

ರಾತ್ರಿ ಚೋರ್ಲಾದಲ್ಲಿ ಮಂಜು. ಎದುರಿನ ಗಾಡಿಯ ದೀಪ ಹತ್ತು ಮಾರು ದೂರಕ್ಕೆ ಬಂದ ಮೇಲೆ ಕಾಣುತ್ತಿತ್ತು. ನಮ್ಮ ಬೆಳಗಾವಿಯ ಕಾಯಿಪಲ್ಲೆ ಹೊತ್ತ ಟೆಂಪೋಗಳು ಗೋವಾ ಕಡೆ ಇಳಿಯುತ್ತಿದ್ದವು. ಪ್ರತಿ ತಿರುವಿಗೂ ಅವ್ವ ಸೀಟಿನ ಹಿಡಿಕೆ ಗಟ್ಟಿಯಾಗಿ ಹಿಡಿದುಕೊಳ್ಳುತ್ತಿದ್ದಳು. ಮನೆ ಮುಟ್ಟಿದಾಗ ಹನ್ನೆರಡೂಕಾಲು. ಡ್ರೈವರಿಗೆ ಮಾತಾಡಿದ್ದಕ್ಕಿಂತ ಮೂರು ಸಾವಿರದ ಇನ್ನೂರು ಹೆಚ್ಚು ಕೊಟ್ಟೆ. ಅವನದೇನೂ ತಪ್ಪಿಲ್ಲ.

ಮರುದಿನ ಕಂಪನಿಯ ಸಹಾಯವಾಣಿಗೆ ಫೋನ್ ಮಾಡಿದೆ. ಮುಕ್ಕಾಲು ತಾಸು ಹಾಡು ಕೇಳಿಸಿದ ಮೇಲೆ ಒಬ್ಬರು ಸಿಕ್ಕರು. ಎಲ್ಲ ಹೇಳಿದೆ. “ದೋನೋ ಗೋವಾ ಹೀ ಹೈ ಸರ್” ಅಂದರು. ಊರು ಬದಲಾಗಿಲ್ಲವಾದ್ದರಿಂದ ಇದನ್ನು ಬದಲಾವಣೆ ಅಂತ ಲೆಕ್ಕ ಹಿಡಿಯುವುದಿಲ್ಲವಂತೆ. ಸಂದೇಶದಲ್ಲಿ ಮೂರು ಅಕ್ಷರ ಇತ್ತಲ್ಲ, ಓದಬೇಕಿತ್ತಂತೆ. ಬೆಳಗಾವಿಯಲ್ಲಿ ಟಿಕೆಟ್ ತೆಗೆಸಿ ಹುಬ್ಬಳ್ಳಿಯಲ್ಲಿ ಇಳಿಸಿ, ಎರಡೂ ಕರ್ನಾಟಕವೇ ಅಂದ ಹಾಗಾಯಿತು.

ನಾನು ಪರಿಹಾರದ ದುಡ್ಡು ಕೇಳಲಿಲ್ಲ. ಮುಂದೆಯೂ ಕೇಳುವುದಿಲ್ಲ. ಟಿಕೆಟ್ಟಿನ ಮೇಲೆ, ಸಂದೇಶದ ಮೊದಲ ಸಾಲಿನಲ್ಲಿ ಮೋಪಾ ಅಥವಾ ದಾಬೋಲಿಂ ಅಂತ ಅಕ್ಷರದಲ್ಲಿ ಬರೆಯಿರಿ. ನಿಲ್ದಾಣ ಬದಲಾದರೆ ಸಮಯ ಬದಲಾಗಿದೆ ಅಂತ ಹೇಳಬೇಡಿ, ನಿಲ್ದಾಣ ಬದಲಾಗಿದೆ ಅಂತಲೇ ಹೇಳಿ. ಗಾಲಿಕುರ್ಚಿ ಬೇಕು ಅಂತ ಬರೆಸಿದ ವಯಸ್ಸಾದವರಿದ್ದರೆ ಒಂದು ಫೋನ್ ಮಾಡಿ. ಇಷ್ಟಕ್ಕೆ ಎಷ್ಟು ಖರ್ಚಾಗುತ್ತದೆ?

ದೀಪಾವಳಿಗೆ ಅಣ್ಣ ಮಕ್ಕಳನ್ನು ಕರೆದುಕೊಂಡು ಬರಬೇಕು. ನಿನ್ನೆ ರಾತ್ರಿ ಟಿಕೆಟ್ ಮಾತು ಬಂದಾಗ ಅವ್ವ ನನ್ನ ಕೈಯಿಂದ ಫೋನ್ ಇಸಕೊಂಡು ಅವನಿಗೆ ಹೇಳಿದಳು: “ವಿಮಾನ ಬ್ಯಾಡೋ ಯಪ್ಪಾ, ರೈಲಿಗೆ ಬಾ. ಎರಡ ರಾತ್ರಿ ಆದರ ಆಗಲಿ. ಲೋಂಡಾದಾಗ ಇಳದ ಬಿಡು. ಲೋಂಡಾ ಒಂದ ಐತಿ.”