ಚನ್ನರಾಯಪಟ್ಟಣ ಸಾನ್

ನಮ್ಮ ಕಡೆ ಇನಿಷಿಯಲ್ ಎಂದರೆ ಹೆಸರಿಗೆ ಸುಮ್ನೆ ಅಂಟಿಕೊಂಡಿರುವ ಅಕ್ಷರ. ಅದನ್ನು ಬಿಡಿಸಿ ಬರೆಯಿರಿ ಅನ್ನುವವರು ಪಾಸ್‌ಪೋರ್ಟಿನವರು ಮಾತ್ರ. ಹಾಗೆ ನನ್ನ ‘ಸಿ’ ಸರ್‌ನೇಮ್ ಖಾನೆಯಲ್ಲಿ ಚನ್ನರಾಯಪಟ್ಟಣವಾಗಿ ಕೂತಿತು. ಹಾಸನ ಜಿಲ್ಲೆಯ ತಾಲ್ಲೂಕು ಕೇಂದ್ರವೊಂದು ಎಕ್ಸ್‌ಚೇಂಜ್ ವಿದ್ಯಾರ್ಥಿಯಾಗಿ ಕ್ಯೋಟೊಗೆ ಬಂದಿಳಿಯಿತು.

ಜಪಾನಿನಲ್ಲಿ ಸರ್‌ನೇಮ್ ಮೊದಲು. ಕರೆಯುವುದೂ ಅದನ್ನೇ, ಗೌರವಕ್ಕೆ ಕೊನೆಗೊಂದು ‘ಸಾನ್’ ಸೇರಿಸಿ. ಮನೆ ಸೇರಿದ 14 ದಿನದೊಳಗೆ ವಾರ್ಡ್ ಕಚೇರಿಯಲ್ಲಿ ವಿಳಾಸ ಬರೆಸಬೇಕು. ಆಮೇಲೆ ಆರೋಗ್ಯ ವಿಮೆ, ಬ್ಯಾಂಕು, ಫೋನು. ಹೆಸರನ್ನು ಕಟಕಾನಾ ಲಿಪಿಯಲ್ಲಿ ಚೌಕಕ್ಕೊಂದು ಅಕ್ಷರದಂತೆ ತುಂಬಬೇಕು. ನಮ್ಮೂರು ಮುಗಿಯುವಷ್ಟರಲ್ಲಿ ಚೌಕಗಳೂ ಮುಗಿದಿರುತ್ತವೆ. ನನಗೆ ಜಾಗ ಇಲ್ಲ.

ಬ್ಯಾಂಕಿನಲ್ಲಿ ಮೊಹರು ಕೇಳಿದರು. ಅಲ್ಲಿನ ಹಾಂಕೋ ನಮ್ಮ ಪಂಚಾಯ್ತಿ ಸೀಲಿನಂತಲ್ಲ, ಕಿರುಬೆರಳ ತುದಿಯಷ್ಟಿರುತ್ತದೆ. ಕೆತ್ತುವ ಅಜ್ಜ ಕಾಗದದ ಮೇಲೆ ಪುಟ್ಟ ವೃತ್ತ ಬರೆದರು. ಹತ್ತು ಅಕ್ಷರ ತುರುಕಲು ನೋಡಿದರು. ಕನ್ನಡಕ ತೆಗೆದು ಒರೆಸಿ, ಮತ್ತೆ ನೋಡಿದರು. ಕೊನೆಗೆ ‘ಚನ್ನ’ ಅಂತಷ್ಟೇ ಕೆತ್ತಿಕೊಟ್ಟರು. ರಾಯನೂ ಹೋದ, ಪಟ್ಟಣವೂ ಹೋಯಿತು.

ಕ್ಲಿನಿಕ್ಕಿನ ಪಾಡು ಬೇರೆ. ನರ್ಸ್ ಉಳಿದವರನ್ನು ಸಲೀಸಾಗಿ ಕರೆಯುತ್ತಾರೆ. ನನ್ನ ಚೀಟಿ ಬಂದಾಗ ‘ಚಾನ್ನಾ... ರಾ...’ ಎಂದು ನಿಂತುಬಿಡುತ್ತಾರೆ. ಹಾಗಾಗಿ ದನಿ ನಿಂತ ಕೂಡಲೇ ಎದ್ದು ಹೋಗುವುದು ಅಭ್ಯಾಸವಾಯಿತು. ಒಂದು ಸಲ ಪಾಪ, ಅವರಿಗೆ ಸೀನು ಬಂದು ನಿಲ್ಲಿಸಿದ್ದರು. ಒಳಗೆ ಹೋಗಿ ಕೂತು, ಇನ್ಯಾರದೋ ಮಂಡಿಯ ಎಕ್ಸ್‌ರೇಗೆ ತಲೆ ಆಡಿಸಿ ಬಂದೆ.

ಕ್ಲಾಸಿನಲ್ಲಿ ಪ್ರೊಫೆಸರ್ ನನ್ನ ಹೆಸರು ಕೂಗುವುದೇ ಇಲ್ಲ. ಕಣ್ಣಲ್ಲೇ ಹುಡುಕಿ ಹಾಜರಿ ಹಾಕುತ್ತಾರೆ. ಅನುಕೂಲ ಆಯ್ತಲ್ವಾ ಅನ್ನಬೇಡಿ. 90 ನಿಮಿಷದ ಕ್ಲಾಸಿಗೆ ಚಕ್ಕರ್ ಹೊಡೆದರೆ ಸಿಕ್ಕಿಬೀಳುವವನು ನಾನೊಬ್ಬನೇ.

‘ನಿಮ್ಮ ಮನೆತನ ಬಹಳ ಹಳೆಯದೇ?’ ಎಂದು ಸಹಪಾಠಿಗಳು ಗೌರವದಿಂದ ಕೇಳುತ್ತಾರೆ. ಅದು ಊರು, ಬಸ್ ಸ್ಟ್ಯಾಂಡ್ ಇದೆ ಎಂದರೆ ನಂಬುವುದಿಲ್ಲ. ಜಪಾನಿನಲ್ಲಿ ಸಾಮಾನ್ಯ ಜನರಿಗೆ ಸರ್‌ನೇಮ್ ಕಡ್ಡಾಯವಾದದ್ದೇ 1875ರಲ್ಲಿ. ಅವರ ಹೆಸರುಗಳಲ್ಲೂ ಗದ್ದೆ, ಬೆಟ್ಟ, ಹೊಳೆಗಳೇ ಜಾಸ್ತಿ. ನಮ್ಮ ಬಸ್ ಸ್ಟ್ಯಾಂಡು ಏನು ಪಾಪ ಮಾಡಿತ್ತು?

ಮುಂದಿನ ಸೆಮಿಸ್ಟರಿಗೆ ಮಂಡ್ಯದ ಹುಡುಗಿಯೊಬ್ಬಳು ಬಂದಳು. ಅವಳ ಪಾಸ್‌ಪೋರ್ಟಿನಲ್ಲಿ ಸರ್‌ನೇಮ್ ಖಾನೆಯೇ ಖಾಲಿ. ಖಾಲಿ ಬಿಟ್ಟರೆ ಬ್ಯಾಂಕಿನ ಕಂಪ್ಯೂಟರ್ ಮುಂದಕ್ಕೆ ಹೋಗದು. ಅನುಭವಸ್ಥ ಅಂತ ನನ್ನನ್ನು ಕರೆಸಿದರು. ಇಬ್ಬರು ಸಿಬ್ಬಂದಿ, ಒಂದು ಕ್ಯಾಲ್ಕುಲೇಟರ್ (ಯಾಕೆ ತಂದರೋ), ಮಧ್ಯಾಹ್ನ ಪೂರ್ತಿ ಚರ್ಚೆ. ಕೊನೆಗೆ ಎರಡೂ ಖಾನೆಗೆ ಅವಳ ಹೆಸರನ್ನೇ ಬರೆದರು. ಈಗ ಎಲ್ಲಿ ಹೋದರೂ ಅವಳನ್ನು ಎರಡೆರಡು ಸಲ ಕರೆಯುತ್ತಾರೆ. ಮೊದಲನೆಯದಕ್ಕೇ ಎದ್ದರೆ, ಇನ್ನೊಂದು ಮುಗಿಯಲಿ ಅಂತ ಕೈಸನ್ನೆ ಮಾಡಿ ಕೂರಿಸುತ್ತಾರಂತೆ.