ಸ್ಕ್ಯಾನಿನಲ್ಲಿ ಕಾಣದ ಪೆಟ್ಟು: ಶಿರಸಿಯಲ್ಲೂ ಮೆಲ್ಬರ್ನಿನಲ್ಲೂ

“ಸ್ಕ್ಯಾನಿನಲ್ಲಿ ಏನೂ ಇಲ್ಲವಂತೆ ಭಾವ. ಹಾಗಾದರೆ ನನಗೆ ಆಗುತ್ತಿರುವುದು ಏನು?” ಶಿರಸಿಯಿಂದ ಅಕ್ಕನ ಗಂಡ (ನಾವಿಬ್ಬರೂ ಒಬ್ಬರನ್ನೊಬ್ಬರು ಕರೆಯುವುದು ಭಾವ ಎಂದೇ) ಫೋನಿನಲ್ಲಿ ಹೀಗೆ ಕೇಳಿದಾಗ ಮೆಲ್ಬರ್ನಿನ ಅಡುಗೆಮನೆಯಲ್ಲಿ ನಿಂತು ನಕ್ಕುಬಿಟ್ಟೆ. ನಗಬಾರದಿತ್ತು. ಎರಡು ವರ್ಷದ ಹಿಂದೆ ಇದೇ ಪ್ರಶ್ನೆಯನ್ನು ಇದೇ ಸಿಡುಕಿನಲ್ಲಿ ಇಲ್ಲಿನ ವೈದ್ಯರಿಗೆ ನಾನೂ ಕೇಳಿದ್ದೆ.

ಭಾವ ಬಿದ್ದದ್ದು ಜುಲೈ ಮಳೆಯಲ್ಲಿ, ತೋಟಕ್ಕೆ ಇಳಿಯುವ ಪಾಚಿಗಟ್ಟಿದ ದಾರಿಯಲ್ಲಿ, ಸ್ಕೂಟರಿನಿಂದ. ಹೆಲ್ಮೆಟ್ ಇತ್ತು, ಸ್ಕೂಟರಿನ ಕನ್ನಡಿಗೆ ನೇತುಹಾಕಿದ್ದರು. ನಾನು ಬಿದ್ದದ್ದು ಒಣ ರಸ್ತೆಯಲ್ಲಿ, ಸೈಕಲ್ಲಿನ ಚಕ್ರ ಟ್ರಾಮ್ ಹಳಿಯ ಸಂದಿಯಲ್ಲಿ ಸಿಕ್ಕಿಕೊಂಡು. ಹೆಲ್ಮೆಟ್ ತಲೆಯ ಮೇಲೆಯೇ ಇತ್ತು. ವಿಕ್ಟೋರಿಯಾ ರಾಜ್ಯದಲ್ಲಿ ಸೈಕಲ್ ತುಳಿಯುವವರಿಗೂ 1990ರಿಂದ ಅದು ಕಡ್ಡಾಯ. ಆದರೂ ಬಿದ್ದ ಮೇಲಿನ ಅರ್ಧ ಗಂಟೆ ನನ್ನ ನೆನಪಿನಲ್ಲಿ ಇಂದಿಗೂ ಇಲ್ಲ.

ವೈದ್ಯರ ಲೆಕ್ಕದಲ್ಲಿ ಇಬ್ಬರದೂ ತಲೆಗೆ ಬಿದ್ದ ಸೌಮ್ಯ ಪೆಟ್ಟು. 1974ರಲ್ಲಿ ಗ್ಲಾಸ್ಗೋದ ವೈದ್ಯರು ರೂಪಿಸಿದ ಎಚ್ಚರದ ಅಳತೆಯಲ್ಲಿ 15ಕ್ಕೆ 13 ಅಥವಾ ಅದಕ್ಕಿಂತ ಹೆಚ್ಚು ಅಂಕ, ಪ್ರಜ್ಞೆ ತಪ್ಪಿದ್ದು ಅರ್ಧ ಗಂಟೆಗಿಂತ ಕಡಿಮೆ, ನೆನಪು ಕಲಸಿದ್ದು ಒಂದು ದಿನದೊಳಗೆ ಇದ್ದರೆ ಅದು ಸೌಮ್ಯ. ಬಿದ್ದವನಿಗೆ ಮಾತ್ರ ಆ ಪದ ಕೇಳಿದರೆ ಮೈ ಉರಿಯುತ್ತದೆ. ಸಿಟಿ ಸ್ಕ್ಯಾನ್ ಹುಡುಕುವುದು ರಕ್ತಸ್ರಾವವನ್ನು ಮತ್ತು ಬುರುಡೆಯ ಬಿರುಕನ್ನು. ಒಳಗಿನ ನರತಂತುಗಳು ಜಗ್ಗಿದ್ದು ಅದಕ್ಕೆ ಕಾಣುವುದಿಲ್ಲ. ಬಹುತೇಕರು ಕೆಲವು ವಾರಗಳಲ್ಲಿ, ಹೆಚ್ಚೆಂದರೆ ಮೂರು ತಿಂಗಳಲ್ಲಿ ಸರಿಯಾಗುತ್ತಾರೆ. ಉಳಿದವರಿಗೆ ತಲೆನೋವು, ತಲೆಸುತ್ತು, ನಿದ್ದೆಗೇಡು, ಬೆಳಕು ಕಂಡರೆ ಆಗದಿರುವುದು, ಸಣ್ಣದಕ್ಕೂ ಸಿಟ್ಟು ಅಂಟಿಕೊಂಡುಬಿಡುತ್ತವೆ. ನಾವಿಬ್ಬರೂ ಆ ಉಳಿದವರ ಪಟ್ಟಿಯವರು. (ಮತ್ತೆ ಮತ್ತೆ ವಾಂತಿ, ಏರುತ್ತಲೇ ಹೋಗುವ ತಲೆನೋವು, ಎಬ್ಬಿಸಿದರೂ ಏಳದ ಮಂಪರು, ಫಿಟ್ಸ್, ಕೈಕಾಲಿನ ಸೋಲು ಕಂಡರೆ ಈ ಲೇಖನ ಓದುತ್ತ ಕೂರಬೇಡಿ, ಆಸ್ಪತ್ರೆಗೆ ಓಡಿ. ರಕ್ತ ತೆಳುವಾಗಿಸುವ ಮಾತ್ರೆ ನುಂಗುವ ಹಿರಿಯರು ಬಿದ್ದರೆ, ಏನೂ ಕಾಣದಿದ್ದರೂ ಆಸ್ಪತ್ರೆಗೆ ಕರೆದುಕೊಂಡು ಹೋಗಿ.)

ಇಲ್ಲಿಯವರೆಗೆ ಎರಡೂ ಊರಿನ ಕತೆ ಒಂದೇ. ಹುಬ್ಬಳ್ಳಿಯ ಆಸ್ಪತ್ರೆಯೊಂದರಿಂದ ಭಾವ ಮನೆಗೆ ಬಂದ ದಿನದಿಂದ ದಾರಿ ಬೇರೆಯಾಯಿತು. ನೋಡಲು ಬಂದವರಿಗೆ ಲೆಕ್ಕವಿಲ್ಲ. ಬಂದವರೆಲ್ಲ ಒಂದೊಂದು ಕತೆ ತಂದರು: ಹೀಗೇ ಬಿದ್ದು ನಾಲ್ಕು ದಿನ ಚೆನ್ನಾಗಿದ್ದು ಐದನೆಯ ದಿನ ಹೋದವರದ್ದು, ಹೀಗೇ ಬಿದ್ದು ಹೆಂಡತಿಯ ಹೆಸರೇ ಮರೆತವರದ್ದು. ಅಕ್ಕನ ಅತ್ತೆ ದಿನಕ್ಕೆರಡು ಹೊತ್ತು ಒಂದೆಲಗದ ತಂಬುಳಿ ಮಾಡಿದರು. ಅದರ ಬಗ್ಗೆ ನನ್ನ ತಕರಾರಿಲ್ಲ, ತಲೆಗೆ ಪೆಟ್ಟು ಬೀಳದವರೂ ಉಣ್ಣಬಹುದಾದ ಪದಾರ್ಥ. ತಕರಾರಿರುವುದು ಕತ್ತಲೆಕೋಣೆಯ ಬಗ್ಗೆ. ಮೂರು ತಿಂಗಳು ಅಲುಗಾಡಬಾರದು, ಮೊಬೈಲ್ ಮುಟ್ಟಬಾರದು, ತೋಟದ ಕಡೆ ತಲೆ ಹಾಕಬಾರದು ಎಂದು ಊರೇ ತೀರ್ಮಾನಿಸಿತು.

ನನಗೆ ಇಲ್ಲಿ ಕತೆ ಹೇಳಲು ಯಾರೂ ಬರಲಿಲ್ಲ. ಪಕ್ಕದ ಮನೆಯವರು ಬೇಲಿಯ ಆಚೆಯಿಂದ ಕೈ ಬೀಸಿದರು, ಅಷ್ಟೇ. ಒಂದೆರಡು ದಿನ ವಿಶ್ರಾಂತಿ, ಆಮೇಲೆ ಮೆಲ್ಲಗೆ ನಡೆದಾಡಲು ಶುರುಮಾಡಿ, ಹೆಚ್ಚು ದಿನ ಮಲಗಿದರೆ ಗುಣವಾಗುವುದೇ ತಡ ಎಂದರು ವೈದ್ಯರು. ನಾನು ಕೇಳಿಸಿಕೊಂಡದ್ದು ‘ಶುರುಮಾಡಿ’ ಎಂಬುದನ್ನು ಮಾತ್ರ. ತಲೆ ಹಗುರವಾಗಿದ್ದ ದಿನ ಆರು ಗಂಟೆ ಕಂಪ್ಯೂಟರಿನ ಮುಂದೆ ಕೂತೆ, ಮುಂದಿನ ಮೂರು ದಿನ ಹಾಸಿಗೆಯಲ್ಲಿ ಬಿದ್ದುಕೊಂಡೆ. ಎದ್ದೆ, ಮತ್ತೆ ಅದನ್ನೇ ಮಾಡಿದೆ. ಭಾವನಿಗೆ ಹೇಳುವವರು ಹೆಚ್ಚಾದರು, ನನಗೆ ಒಬ್ಬರೂ ಇರಲಿಲ್ಲ. ಇಬ್ಬರಿಗೂ ತಪ್ಪಿದ್ದು ಹದ.

ನನಗೆ ಆ ಹದ ಕಲಿಸಿದ್ದು ಆನ್‌ಲೈನ್ ಸಿಬಿಟಿ, ಅಂದರೆ ಯೋಚನೆ ಮತ್ತು ವರ್ತನೆಯನ್ನು ಹಿಡಿದು ಮಾಡುವ ಚಿಕಿತ್ಸೆ. 1960ರ ದಶಕದಲ್ಲಿ ಅಮೆರಿಕದ ಆರನ್ ಬೆಕ್ ಎಂಬ ಮನೋವೈದ್ಯರು ಖಿನ್ನತೆಗೆಂದು ರೂಪಿಸಿದ ಕ್ರಮವಿದು. ಇಲ್ಲಿ ಕುಟುಂಬ ವೈದ್ಯರು ಚೀಟಿ ಕೊಟ್ಟರೆ ವರ್ಷಕ್ಕೆ ಹತ್ತು ಭೇಟಿಗಳವರೆಗೆ ಸರ್ಕಾರದ ಆರೋಗ್ಯ ವಿಮೆಯಾದ ಮೆಡಿಕೇರ್ ಒಂದಿಷ್ಟು ಹಣ ತುಂಬಿಕೊಡುತ್ತದೆ. ಪರದೆ ನೋಡಿದರೆ ತಲೆ ಸಿಡಿಯುತ್ತದೆ ಎನ್ನುವವನಿಗೆ ಪರದೆಯ ಮೂಲಕ ಚಿಕಿತ್ಸೆ ಕೊಡುವುದು ವಿನೋದದಂತೆ ಕಂಡಿತು. ಆದರೆ ನನ್ನ ಮನಃಶಾಸ್ತ್ರಜ್ಞೆಗೆ ಅದು ಗೊತ್ತಿತ್ತು. ಭೇಟಿ ಇಪ್ಪತ್ತೈದೇ ನಿಮಿಷ, ತಲೆ ಭಾರವಿದ್ದ ದಿನ ವಿಡಿಯೊ ಆರಿಸಿ ಬರೀ ದನಿ, ಕೊನೆಗೆ ಮಾತನಾಡಿದ್ದನ್ನು ಐದು ಸಾಲಿನಲ್ಲಿ ಬರೆದು ಕಳುಹಿಸುವುದು, ಏಕೆಂದರೆ ನಾನು ಮರೆಯುತ್ತಿದ್ದೆ.

ಮಾಡಿಸಿದ್ದು ಬಲು ಸಾದಾ ಕೆಲಸ. ತೀರಾ ಕೆಟ್ಟ ದಿನದಲ್ಲೂ ಎಷ್ಟು ಹೊತ್ತು ಓದಬಲ್ಲೆ? ಹದಿನೈದು ನಿಮಿಷ. ಸರಿ, ಒಳ್ಳೆಯ ದಿನವೂ ಅಷ್ಟೇ ಓದು, ಗಡಿಯಾರ ನೋಡಿ ನಿಲ್ಲಿಸು. ಒಂದು ವಾರ ತಡೆದುಕೊಂಡರೆ ಎರಡು ನಿಮಿಷ ಏರಿಸು. ತಲೆನೋವು ಬಂದಾಗ ಮನಸ್ಸಿನಲ್ಲಿ ಮೊದಲು ಹಾದುಹೋದ ಮಾತನ್ನು ಬರೆದಿಡು. ನನ್ನ ಪುಸ್ತಕದಲ್ಲಿ ಹದಿನೇಳು ಸಲ ಒಂದೇ ವಾಕ್ಯವಿದೆ: ‘ಒಳಗೆ ಏನೋ ಸೋರುತ್ತಿದೆ.’ ಆ ಹೆದರಿಕೆಗೆ ಕುತ್ತಿಗೆ ಬಿಗಿಯುತ್ತದೆ, ಬಿಗಿದ ಕುತ್ತಿಗೆಗೆ ತಲೆನೋವು ಹೆಚ್ಚುತ್ತದೆ, ಹೆಚ್ಚಿದ ನೋವು ಹೆದರಿಕೆಗೆ ಸಾಕ್ಷಿ ಹೇಳುತ್ತದೆ. ಬರೆದು ನೋಡುವವರೆಗೆ ಈ ಸುತ್ತು ಕಣ್ಣಿಗೆ ಬಿದ್ದಿರಲಿಲ್ಲ.

ಪೆಟ್ಟಿಗೆ ಮುಂಚೆ ತಾನು ಏನನ್ನೂ ಮರೆಯುತ್ತಿರಲಿಲ್ಲ ಎಂದು ನಂಬುವುದೂ ಈ ಸ್ಥಿತಿಯಲ್ಲಿ ಸಾಮಾನ್ಯವಂತೆ. ಹೆಂಡತಿಗೆ ಇದನ್ನು ಹೇಳಿದೆ. ನಾನು 2016ರಲ್ಲಿ ಮಗನನ್ನು ಶಾಲೆಯಿಂದ ಕರೆತರಲು ಮರೆತದ್ದನ್ನು ನೆನಪಿಸಿದಳು.

ಈ ಚಿಕಿತ್ಸೆ ಪವಾಡವಲ್ಲ. ನನ್ನ ತಲೆನೋವು ಪೂರ್ತಿ ಹೋಗಿಲ್ಲ. ಆತಂಕ ಇಳಿಯಿತು, ನಿದ್ದೆ ಬಂತು, ಕೆಲಸಕ್ಕೆ ಮರಳಿದೆ. ತಾನಾಗಿಯೇ ಓದಿಕೊಂಡು ಮಾಡುವ ಆನ್‌ಲೈನ್ ಪಾಠಗಳೂ ಇವೆ. ಆದರೆ ವಾರಕ್ಕೊಮ್ಮೆ ‘ಏನು ಮಾಡಿದಿರಿ’ ಎಂದು ಕೇಳುವ ಮನುಷ್ಯರಿಲ್ಲದಿದ್ದರೆ ಜನ ನಡುವೆಯೇ ಬಿಟ್ಟುಬಿಡುವುದು ಹೆಚ್ಚು. ನಾನಂತೂ ಎರಡನೆಯ ಪಾಠಕ್ಕೇ ಬಿಡುತ್ತಿದ್ದೆ.

ಭಾವನಿಗೂ ಇದು ಬೇಕು ಎಂದಾಗ ಮೊದಲು ತಡೆದವಳು ಅಕ್ಕ. “ತಲೆಗೆ ಪೆಟ್ಟು ಬಿದ್ದವರನ್ನು ತಲೆ ಕೆಟ್ಟವರು ಎಂದು ಮಾಡಬೇಡ” ಎಂದಳು. ಪೆಟ್ಟು ನಿಜ, ನೋವೂ ನಿಜ, ನೋವಿನ ಸುತ್ತ ಬೆಳೆದ ಹೆದರಿಕೆಗೆ ಮಾತ್ರ ಈ ಚಿಕಿತ್ಸೆ ಎಂದು ಅವಳಿಗೆ ಒಪ್ಪಿಸಲು ಮೂರು ಫೋನ್ ಬೇಕಾದವು. ಆಮೇಲೆ ದೂರದ ಪ್ರಶ್ನೆ. ನಮ್ಮ ಜಿಲ್ಲೆ ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಬೇಕೆಂದು ಕೂಗುತ್ತಲೇ ಇದೆ. ಕಾರವಾರದವರು ಗೋವಾಕ್ಕೆ, ಭಟ್ಕಳದವರು ಮಣಿಪಾಲಕ್ಕೆ, ಶಿರಸಿಯವರು ನೂರು ಕಿಲೋಮೀಟರ್ ದೂರದ ಹುಬ್ಬಳ್ಳಿಗೆ ಹೋಗುತ್ತಾರೆ. ಇಪ್ಪತ್ತೈದು ನಿಮಿಷದ ಮಾತಿಗೆ ಒಂದಿಡೀ ದಿನ ಬಸ್ಸಿನ ಕುಲುಕಾಟವೆಂದರೆ ತಲೆ ನೊಂದವನಿಗೆ ಅದೇ ಶಿಕ್ಷೆ. ಹಾಗಾಗಿ ಫೋನಿನ ಚಿಕಿತ್ಸೆ ಮೆಲ್ಬರ್ನಿಗಿಂತ ನಮ್ಮ ಘಟ್ಟಕ್ಕೇ ಹೆಚ್ಚು ಬೇಕಾದದ್ದು ಎಂಬುದು ನನ್ನ ವಾದ. ಆತಂಕಕ್ಕೆ ಕನ್ನಡದಲ್ಲೇ ಮಾತಿನ ನೆರವು ಕೊಡುವ ಟೆಲಿ ಮಾನಸ್ 2022ರ ಅಕ್ಟೋಬರಿನಿಂದ ಇದೆ, 14416ಕ್ಕೆ ಕರೆ ಮಾಡಿದರೆ ಹಣವಿಲ್ಲ. ಆದರೆ ತಲೆಪೆಟ್ಟಿನವರಿಗೆಂದೇ ವಾರವಾರದ ಕ್ರಮವೂ ಕನ್ನಡದಲ್ಲಿ ಬೇಕು.

ಭಾವನಿಗೆ ಕೊನೆಗೆ ಬೆಂಗಳೂರಿನ ಮನಃಶಾಸ್ತ್ರಜ್ಞರೊಬ್ಬರು ಸಿಕ್ಕರು, ಪ್ರತಿ ಗುರುವಾರ ಫೋನಿನಲ್ಲಿ. ಯಾರಿಗೂ ಕೇಳಿಸದ ಕೋಣೆಯಲ್ಲಿ ಕೂತು ಮಾತನಾಡಿ ಎಂದರಂತೆ. ನಮ್ಮ ಕಡೆಯ ಮನೆಯಲ್ಲಿ ಅಂಥ ಕೋಣೆ ಎಲ್ಲಿದೆ? ಭಾವ ಅಟ್ಟ ಹತ್ತಿ ಅಡಿಕೆ ಮೂಟೆಗಳ ನಡುವೆ ಕೂತರು. ಅಲ್ಲಿ ಸಿಗ್ನಲ್ ಕೂಡ ಚೆನ್ನಾಗಿತ್ತು. ಮೂರನೆಯ ವಾರ ಅವರೇ ನಿಯಮ ಮುರಿದು ಅಕ್ಕನನ್ನೂ ತಾಯಿಯನ್ನೂ ಕರೆದು ಸ್ಪೀಕರ್ ಹಾಕಿದರು. ಇದು ನನಗೆ ಇಲ್ಲಿ ಹೊಳೆದಿರಲಿಲ್ಲ. ನನ್ನ ಚಿಕಿತ್ಸೆ ಇಬ್ಬರ ನಡುವಿನ ಗುಟ್ಟಾಗಿತ್ತು. ಅಲ್ಲಿ, ಕತ್ತಲೆಕೋಣೆಯ ಆಜ್ಞೆ ಹೊರಡಿಸಿದವರೇ ಕೇಳಿಸಿಕೊಳ್ಳದಿದ್ದರೆ ಕಿಟಕಿ ತೆರೆಯುವವರು ಯಾರು? ಇಲ್ಲಿನ ಪಾಠಗಳನ್ನು ಕನ್ನಡಕ್ಕೆ ತಿರುಗಿಸಿ ಕೊಟ್ಟರೆ ಸಾಕು ಎಂದುಕೊಂಡಿದ್ದ ನನ್ನ ಅಹಂಕಾರ ಅಲ್ಲಿಗೆ ಇಳಿಯಿತು.

ಸದ್ದಿಗೂ ಬೆಳಕಿಗೂ ಒಗ್ಗಿಕೊಳ್ಳಲು ನನಗೆ ಹೇಳಿದ್ದು ಸೂಪರ್ ಮಾರ್ಕೆಟ್ಟಿನಲ್ಲಿ ಹತ್ತು ನಿಮಿಷ ಅಡ್ಡಾಡಲು. ಭಾವ ತಮ್ಮ ಮೆಟ್ಟಿಲನ್ನು ತಾವೇ ಕಟ್ಟಿಕೊಂಡರು. ಸೆಪ್ಟೆಂಬರಿನಲ್ಲಿ ಊರ ದೇವಸ್ಥಾನದ ತಾಳಮದ್ದಲೆ, ಕೊನೆಯ ಸಾಲು, ಅರ್ಧ ಗಂಟೆ. ಮುಂದಿನ ಸಲ ಒಂದು ಗಂಟೆ. ಡಿಸೆಂಬರಿನಲ್ಲಿ ಬಯಲಾಟ, ಚಂಡೆಯಿಂದ ದೂರ, ರಾತ್ರಿ ಹನ್ನೊಂದರವರೆಗೆ ಮಾತ್ರ. ಪ್ರಸಂಗ ಅರ್ಧಕ್ಕೇ ಬಿಟ್ಟು ಎದ್ದು ಬರುವುದೇ ತಲೆನೋವಿಗಿಂತ ದೊಡ್ಡ ಸಂಕಟವಾಯಿತಂತೆ.

ಮೊನ್ನೆ ಭಾನುವಾರ ಫೋನ್ ಮಾಡಿ, ಈ ಬೇಸಿಗೆಗೆ ಊರಿಗೆ ಬರುವ ವಿಷಯ ತೆಗೆದಿದ್ದೆ. ಟಿಕೆಟ್ಟಿನ ಬೆಲೆ, ರಜೆ, ಮಗನ ಪರೀಕ್ಷೆ ಎಂದು ಹೇಳುತ್ತ ಹೋದೆ. ಆ ಕಡೆ ಗಡಿಯಾರದ ಗಂಟೆ ಬಾರಿಸಿತು. “ಇಪ್ಪತ್ತು ನಿಮಿಷ ಆಯಿತು ಭಾವ, ಇಡುತ್ತೇನೆ” ಎಂದು ಇಟ್ಟೇಬಿಟ್ಟರು.